ಕಾವಲು ಹೈದರಾಬಾದಿನಲ್ಲಿ, ಅಹವಾಲು ತುಮಕೂರಿನಲ್ಲಿ: ವಿಮಾ ಗ್ರಾಹಕನ ರಕ್ಷಣೆ ಎಲ್ಲಿಗೆ ಬಂತು?

ತುಮಕೂರಿನ ಬಿ.ಎಚ್. ರಸ್ತೆಯುದ್ದಕ್ಕೂ ಬ್ಯಾಂಕು ಹಾಗೂ ವಿಮಾ ಕಂಪನಿಗಳ ಫಲಕಗಳು ಕಾಣಸಿಗುತ್ತವೆ. ಜೀವ ವಿಮೆ, ಆರೋಗ್ಯ ವಿಮೆ, ವಾಹನ ವಿಮೆ, ಎಲ್ಲವೂ ಇಲ್ಲಿ ಕೈಗೆಟಕುವಷ್ಟು ಹತ್ತಿರದಲ್ಲಿವೆ. ಪಾಲಿಸಿ ಮಾರುವವರು ಮನೆ ಬಾಗಿಲಿಗೇ ಬರುತ್ತಾರೆ. ಆದರೆ ಪರಿಹಾರ ಕೇಳಿದಾಗ ಕಂಪನಿ ‘ಇಲ್ಲ’ ಎಂದರೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳುವ ಫಲಕ ಮಾತ್ರ ಆ ರಸ್ತೆಯಲ್ಲಿಲ್ಲ. ಗುಬ್ಬಿಯಲ್ಲೂ ಇಲ್ಲ, ಕುಣಿಗಲ್ಲಿನಲ್ಲೂ ಇಲ್ಲ.

ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ ಇರುವುದು ಹೈದರಾಬಾದಿನಲ್ಲಿ. ಈ ಪ್ರಾಧಿಕಾರದ ನಿಯಮಾವಳಿಗಳು ಕಳೆದ ಕೆಲವು ವರ್ಷಗಳಲ್ಲಿ ಪಾಲಿಸಿದಾರನಿಗೆ ಹಿಂದೆಂದೂ ಇಲ್ಲದಷ್ಟು ಅನುಕೂಲಕರವಾಗಿ ಬದಲಾಗಿವೆ. ಆದರೂ ತಾಲ್ಲೂಕು ಮಟ್ಟದ ಗ್ರಾಹಕನ ಅನುಭವ ಅಷ್ಟೇ ವೇಗದಲ್ಲಿ ಬದಲಾಗಿದೆಯೆಂದು ಹೇಳಲಾಗದು. ಇದಕ್ಕೆ ಕಾರಣವೇನು?

ರಾಜ್ಯಕ್ಕೊಬ್ಬ ನಿಯಂತ್ರಕ ಏಕಿಲ್ಲ?

ಅಮೆರಿಕದಲ್ಲಿ ವಿಮೆಯ ನಿಯಂತ್ರಣ ಬಹುಮಟ್ಟಿಗೆ ರಾಜ್ಯಗಳ ಹೊಣೆ. ಅಲ್ಲಿಯ ಪ್ರತಿ ರಾಜ್ಯಕ್ಕೂ ತನ್ನದೇ ವಿಮಾ ಇಲಾಖೆ ಇದೆ. ಕಂಪನಿಗೆ ಪರವಾನಗಿ ಕೊಡುವುದು, ದರಗಳನ್ನು ಪರಿಶೀಲಿಸುವುದು, ಗ್ರಾಹಕರ ದೂರು ಸ್ವೀಕರಿಸುವುದು ಎಲ್ಲವೂ ಆ ಇಲಾಖೆಯ ಕೆಲಸ. 1945ರ ಮೆಕ್ಯಾರನ್-ಫರ್ಗ್ಯುಸನ್ ಕಾಯ್ದೆ ಈ ಅಧಿಕಾರವನ್ನು ರಾಜ್ಯಗಳಿಗೇ ಉಳಿಸಿತು.

ನಮ್ಮ ಸಂವಿಧಾನ ಬೇರೆ ದಾರಿ ಹಿಡಿಯಿತು. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 47ನೇ ನಮೂದು ವಿಮೆಯನ್ನು ಕೇಂದ್ರಕ್ಕೆ ವಹಿಸಿದೆ. ಹೀಗಾಗಿ ಖಾಸಗಿ ವಿಮಾ ಕಂಪನಿಯ ವಿಷಯದಲ್ಲಿ ನಿಯಮ ರೂಪಿಸುವ ಅಧಿಕಾರ ಕರ್ನಾಟಕ ಸರ್ಕಾರಕ್ಕಿಲ್ಲ. ಮೈಸೂರು ಸಂಸ್ಥಾನವು 1891ರಷ್ಟು ಹಿಂದೆಯೇ ತನ್ನ ನೌಕರರಿಗಾಗಿ ಜೀವ ವಿಮಾ ಯೋಜನೆ ಆರಂಭಿಸಿತ್ತು, ಅದೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಎಂಬುದು ಇಲ್ಲಿ ಸ್ಮರಣೀಯ. ವಿಮೆ ನಡೆಸಿದ ಅನುಭವ ರಾಜ್ಯಕ್ಕೆ ಶತಮಾನಕ್ಕೂ ಮೀರಿದ್ದು. ಕಂಪನಿಗಳನ್ನು ನಿಯಂತ್ರಿಸುವ ಅಧಿಕಾರ ಮಾತ್ರ ಅದರ ಕೈಯಲ್ಲಿಲ್ಲ.

1956ರಲ್ಲಿ ಜೀವ ವಿಮೆ ರಾಷ್ಟ್ರೀಕರಣಗೊಂಡು 245 ಸಂಸ್ಥೆಗಳು ಸೇರಿ ಭಾರತೀಯ ಜೀವ ವಿಮಾ ನಿಗಮ ರೂಪುಗೊಂಡಿತು. 1973ರ ಜನವರಿ 1ರಿಂದ ಸಾಮಾನ್ಯ ವಿಮೆಯೂ ಸರ್ಕಾರದ ಕೈಸೇರಿತು. ಮಾರುವವನೂ ಸರ್ಕಾರ, ನೋಡಿಕೊಳ್ಳುವವನೂ ಸರ್ಕಾರ ಎಂಬ ಸ್ಥಿತಿಯಲ್ಲಿ ಪ್ರತ್ಯೇಕ ನಿಯಂತ್ರಕನ ಅಗತ್ಯ ಯಾರಿಗೂ ಕಾಣಲಿಲ್ಲ. 1993ರಲ್ಲಿ ಆರ್.ಎನ್. ಮಲ್ಹೋತ್ರಾ ನೇತೃತ್ವದಲ್ಲಿ ನೇಮಕಗೊಂಡ ಸಮಿತಿ ಖಾಸಗಿಯವರಿಗೆ ಅವಕಾಶ ಹಾಗೂ ಸ್ವತಂತ್ರ ನಿಯಂತ್ರಕ, ಎರಡನ್ನೂ ಶಿಫಾರಸು ಮಾಡಿತು. 1999ರ ಕಾಯ್ದೆಯ ಮೂಲಕ ಪ್ರಾಧಿಕಾರ ಶಾಸನಬದ್ಧವಾಯಿತು. ಪಾಲಿಸಿದಾರನ ಹಿತರಕ್ಷಣೆ ಅದರ ಕರ್ತವ್ಯಗಳಲ್ಲಿ ಮೊದಲನೆಯದು ಎಂದು ಕಾಯ್ದೆಯೇ ಸಾರುತ್ತದೆ.

ಪ್ರಾಧಿಕಾರ ಮಾಡುವುದೇನು, ಮಾಡದಿರುವುದೇನು?

ಪ್ರಾಧಿಕಾರದ ಮೊದಲ ಕೆಲಸ ಕಂಪನಿ ದಿವಾಳಿಯಾಗದಂತೆ ನೋಡಿಕೊಳ್ಳುವುದು. ವಿಮಾ ಕಂಪನಿ ತೆರೆಯಲು ಕನಿಷ್ಠ 100 ಕೋಟಿ ರೂಪಾಯಿ ಪಾವತಿತ ಬಂಡವಾಳ ಬೇಕು. ನಿಯಮದ ಪ್ರಕಾರ ಇಟ್ಟುಕೊಳ್ಳಬೇಕಾದ ಮೀಸಲು ಅಂತರಕ್ಕಿಂತ ಒಂದೂವರೆ ಪಟ್ಟು, ಅಂದರೆ ಶೇ 150ರಷ್ಟು ಸಾಮರ್ಥ್ಯವನ್ನು ಕಂಪನಿ ಸದಾ ಕಾಯ್ದುಕೊಳ್ಳಬೇಕು. ಪಾಲಿಸಿದಾರರಿಂದ ಬಂದ ಹಣವನ್ನು ಎಲ್ಲಿ, ಎಷ್ಟು ಹೂಡಬಹುದು ಎಂಬುದಕ್ಕೂ ಮಿತಿಗಳಿವೆ. ಏಜೆಂಟರು, ದಲ್ಲಾಳಿಗಳು, ನಷ್ಟ ಅಂದಾಜು ಮಾಡುವ ಸರ್ವೇಯರುಗಳು ಎಲ್ಲರೂ ನಿಯಮಗಳ ಚೌಕಟ್ಟಿನೊಳಗೆ ಬರುತ್ತಾರೆ.

ಎರಡನೆಯ ಕೆಲಸ ಕಂಪನಿ ಗ್ರಾಹಕನೊಡನೆ ಹೇಗೆ ನಡೆದುಕೊಳ್ಳಬೇಕೆಂದು ನಿಗದಿ ಮಾಡುವುದು. ಇದರಲ್ಲಿ ಪ್ರಾಧಿಕಾರದ ಇತಿಹಾಸ ಏರಿಳಿತದಿಂದ ಕೂಡಿದೆ. 2000ದ ದಶಕದಲ್ಲಿ ಯುಲಿಪ್ ಎಂಬ ಷೇರುಪೇಟೆಗೆ ಜೋಡಿಸಿದ ಪಾಲಿಸಿಗಳನ್ನು ‘ಮೂರು ವರ್ಷ ಕಟ್ಟಿದರೆ ಸಾಕು’ ಎಂದು ನಂಬಿಸಿ ಮಾರಲಾಯಿತು. ಕಟ್ಟಿದ ಕಂತಿನ ದೊಡ್ಡ ಪಾಲು ಕಮಿಷನ್ ಹಾಗೂ ಶುಲ್ಕಗಳಲ್ಲಿ ಕರಗಿ ಹೋದದ್ದು ಅನೇಕರಿಗೆ ತಿಳಿದದ್ದು ಹಣ ಹಿಂಪಡೆಯುವಾಗಲೇ. 2010ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ 14 ವಿಮಾ ಕಂಪನಿಗಳ ವಿರುದ್ಧ ಆದೇಶ ಹೊರಡಿಸಿ, ಇಬ್ಬರು ನಿಯಂತ್ರಕರ ನಡುವೆ ಬಹಿರಂಗ ಜಗಳವೇ ನಡೆಯಿತು. ಕೇಂದ್ರ ಸುಗ್ರೀವಾಜ್ಞೆಯ ಮೂಲಕ ವಿವಾದ ಬಗೆಹರಿಸಿದ ಮೇಲೆ ಅದೇ ವರ್ಷ ಸೆಪ್ಟೆಂಬರಿನಿಂದ ಶುಲ್ಕಗಳಿಗೆ ಮಿತಿ, ಐದು ವರ್ಷದ ಬೀಗಮುದ್ರೆಯ ನಿಯಮಗಳು ಬಂದವು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು ಎಂದು ಆಗ ಹಣ ಕಳೆದುಕೊಂಡವರು ಹೇಳಿದರೆ ತಪ್ಪೆನ್ನಲಾಗದು.

ಇನ್ನು ಪ್ರಾಧಿಕಾರ ಮಾಡದ ಕೆಲಸವೊಂದಿದೆ. ಒಬ್ಬ ವ್ಯಕ್ತಿಗೆ ಇಷ್ಟು ಪರಿಹಾರ ಕೊಡಿ ಎಂದು ಅದು ತೀರ್ಪು ನೀಡುವುದಿಲ್ಲ. ‘ಬಿಮಾ ಭರೋಸಾ’ ಎಂಬ ಅಂತರ್ಜಾಲ ವ್ಯವಸ್ಥೆಯಲ್ಲಿ ಅಥವಾ 155255 ದೂರವಾಣಿಯಲ್ಲಿ ದೂರು ದಾಖಲಿಸಿದರೆ ಅದನ್ನು ಕಂಪನಿಗೆ ಕಳಿಸಿ ಉತ್ತರ ಬರುವಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಪ್ರಾಧಿಕಾರ ಕಂಪನಿಯನ್ನು ಕಾಯುತ್ತದೆ, ಕ್ಲೇಮನ್ನಲ್ಲ. ಈ ಒಂದು ವ್ಯತ್ಯಾಸ ತಿಳಿಯದೆ ಹೈದರಾಬಾದಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯ್ದು, ಬೇರೆ ಕಡೆ ಹೋಗುವ ಗಡುವನ್ನೇ ಕಳೆದುಕೊಳ್ಳುವ ಅಪಾಯವಿದೆ.

ಏರಬೇಕಾದ ಮೆಟ್ಟಿಲುಗಳು

ತುಮಕೂರಿನ ಕುಟುಂಬವೊಂದರ ಆರೋಗ್ಯ ವಿಮೆಯ ಕ್ಲೇಮು, ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ತಿರಸ್ಕೃತವಾಯಿತು ಎಂದಿಟ್ಟುಕೊಳ್ಳೋಣ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಮುಂದಿನ ಮೆಟ್ಟಿಲು ವಿಮಾ ಒಂಬುಡ್ಸ್‌ಮನ್. ಇಡೀ ಕರ್ನಾಟಕಕ್ಕೆ ಇರುವ ಒಂದೇ ಒಂಬುಡ್ಸ್‌ಮನ್ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. 2017ರ ನಿಯಮಗಳಡಿ ಇದ್ದ 30 ಲಕ್ಷ ರೂಪಾಯಿಯ ಮಿತಿಯನ್ನು 2023ರ ನವೆಂಬರಿನಲ್ಲಿ 50 ಲಕ್ಷಕ್ಕೆ ಏರಿಸಲಾಗಿದೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು. ಒಂಬುಡ್ಸ್‌ಮನ್ ನೀಡಿದ ಆದೇಶವನ್ನು ಕಂಪನಿ 30 ದಿನಗಳಲ್ಲಿ ಪಾಲಿಸಬೇಕು. ತಪ್ಪಿದರೆ ದಿನಕ್ಕೆ 5,000 ರೂಪಾಯಿಯಂತೆ ದೂರುದಾರನಿಗೆ ಕೊಡಬೇಕೆಂದು 2024ರಲ್ಲಿ ಪ್ರಾಧಿಕಾರ ವಿಧಿಸಿದೆ.

ಇನ್ನೊಂದು ದಾರಿ ತುಮಕೂರಿನಲ್ಲೇ ಇದೆ. ಅದು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ಕಂಪನಿಯ ಪ್ರಧಾನ ಕಚೇರಿ ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ಗುಬ್ಬಿಯ ಪಾಲಿಸಿದಾರ ತುಮಕೂರು ದಾಟಿ ಹೋಗಬೇಕಿಲ್ಲ. ಪಾವತಿಸಿದ ಮೊತ್ತ, ವಿಮೆಯ ಸಂದರ್ಭದಲ್ಲಿ ಕಂತು, 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವೂ ಇಲ್ಲ. ಕಾಲಮಿತಿ ಎರಡು ವರ್ಷ. ಒಂಬುಡ್ಸ್‌ಮನ್ ಆದೇಶ ತೃಪ್ತಿ ತಾರದಿದ್ದರೆ ಆಯೋಗಕ್ಕೆ ಹೋಗಬಹುದು. ಆದರೆ ಆಯೋಗದಲ್ಲಿ ಪ್ರಕರಣ ಹೂಡಿದವರ ಅದೇ ದೂರನ್ನು ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ. ಮೆಟ್ಟಿಲುಗಳ ಕ್ರಮ ತಿಳಿದಿರಬೇಕಾದದ್ದು ಇದಕ್ಕಾಗಿ.

ಪ್ರಾಧಿಕಾರದ ನಿಯಮ ಹಾಗೂ ಸ್ಥಳೀಯ ಆಯೋಗ ಒಂದಕ್ಕೊಂದು ಹೇಗೆ ನೆರವಾಗುತ್ತವೆ ಎಂಬುದಕ್ಕೆ ಉದಾಹರಣೆ ಇದೆ. ಮಾಹಿತಿ ಕೊಡಲು ತಡವಾಯಿತೆಂಬ ಒಂದೇ ಕಾರಣಕ್ಕೆ ನೈಜ ಕ್ಲೇಮುಗಳನ್ನು ತಳ್ಳಿಹಾಕಬಾರದು ಎಂದು ಪ್ರಾಧಿಕಾರ 2011ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು. ಆದರೂ ಕಂಪನಿಗಳು ಆ ಕಾರಣವನ್ನೇ ಮುಂದೊಡ್ಡುತ್ತಾ ಬಂದವು. ಲಾರಿ ಕಳುವಿನ ಓಂ ಪ್ರಕಾಶ್ ಪ್ರಕರಣದಲ್ಲಿ ಮಾಲೀಕ ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದರೂ ಕಂಪನಿಗೆ ತಿಳಿಸುವುದು ಎಂಟು ದಿನ ತಡವಾಗಿತ್ತು. ತಾಂತ್ರಿಕ ಕಾರಣಗಳಿಗಾಗಿ ಪರಿಹಾರ ನಿರಾಕರಿಸಿದರೆ ಜನ ವಿಮಾ ಕ್ಷೇತ್ರದ ಮೇಲೆ ನಂಬಿಕೆ ಕಳೆದುಕೊಳ್ಳುತ್ತಾರೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿ, ಮಾಲೀಕನ ಪರ ತೀರ್ಪಿತ್ತಿತು. ಬೆಂಗಳೂರು-ಪುಣೆ ಹೆದ್ದಾರಿಯ ಮೇಲಿರುವ ತುಮಕೂರಿಗೂ, ಹಾಸನ-ಮಂಗಳೂರಿನ ದಾರಿಯಲ್ಲಿರುವ ಕುಣಿಗಲ್ಲಿಗೂ ಸರಕು ವಾಹನಗಳೇ ಜೀವನಾಧಾರವಾದ ಕುಟುಂಬಗಳು ಎಷ್ಟೋ ಇವೆ. ಸುತ್ತೋಲೆಗೆ ಜೀವ ಬಂದದ್ದು ಒಬ್ಬ ಗ್ರಾಹಕ ಪಟ್ಟುಬಿಡದೆ ಅದನ್ನು ನ್ಯಾಯಪೀಠದ ಮುಂದೆ ಹಿಡಿದಾಗಲೇ ಎಂಬುದನ್ನು ಅವರು ನೆನಪಿಡಬೇಕು.

ಗುಬ್ಬಿ, ಕುಣಿಗಲ್ಲಿನ ರೈತ ಯಾರನ್ನು ಕೇಳಬೇಕು?

ನಗರದ ಪಾಲಿಸಿದಾರನಿಗೆ ಇಷ್ಟು ಮೆಟ್ಟಿಲುಗಳಿವೆ. ಹೊಲದಲ್ಲಿ ರಾಗಿ ಬಿತ್ತಿದವನ ಸ್ಥಿತಿ ಬೇರೆ. 2016ರ ಮುಂಗಾರಿನಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ರೈತ ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾರ್ಷಿಕ ವಾಣಿಜ್ಯ ಹಾಗೂ ತೋಟಗಾರಿಕೆ ಬೆಳೆಗೆ ಶೇ 5ರಷ್ಟು ಕಂತು ಕಟ್ಟುತ್ತಾನೆ. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಕರ್ನಾಟಕದಲ್ಲಿ ನೋಂದಣಿ, ಪರಿಹಾರದ ವಿವರಗಳೆಲ್ಲ ‘ಸಂರಕ್ಷಣೆ’ ಪೋರ್ಟಲಿನಲ್ಲಿ ನಡೆಯುತ್ತವೆ.

ಪರಿಹಾರದ ಲೆಕ್ಕ ಮಾತ್ರ ಒಬ್ಬ ರೈತನ ಹೊಲಕ್ಕೆ ಸಂಬಂಧಿಸಿದ್ದಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿ ತೆಗೆದು, ಅದರ ಆಧಾರದಲ್ಲಿ ಖಾತರಿ ಇಳುವರಿ ನಿಗದಿಯಾಗುತ್ತದೆ. ಬೆಳೆ ಕಟಾವು ಪ್ರಯೋಗದಲ್ಲಿ ಸಿಕ್ಕ ಇಳುವರಿ ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಶೇಕಡಾವಾರು ಪರಿಹಾರ. ಖಾತರಿ ಇಳುವರಿ ಹೆಕ್ಟೇರಿಗೆ 10 ಕ್ವಿಂಟಲ್ ಇದ್ದು ಪ್ರಯೋಗದಲ್ಲಿ 7 ಕ್ವಿಂಟಲ್ ಬಂದರೆ ವಿಮಾ ಮೊತ್ತದ ಶೇ 30 ಸಿಗುತ್ತದೆ. ಪಂಚಾಯಿತಿಯ ಒಂದು ಮೂಲೆಯಲ್ಲಿ ಮಳೆ ಬಿದ್ದು ಇನ್ನೊಂದು ಮೂಲೆ ಒಣಗಿದರೆ, ಒಣಗಿದ ಹೊಲದವನಿಗೂ ಸರಾಸರಿಯೇ ಗತಿ. ಅಡಿಕೆಯಂಥ ತೋಟದ ಬೆಳೆಗಿರುವ ಹವಾಮಾನ ಆಧಾರಿತ ವಿಮೆಯಲ್ಲಿ ಬೆಳೆಯನ್ನು ನೋಡುವವರೇ ಇಲ್ಲ; ಮಳೆಮಾಪನ ಕೇಂದ್ರದ ಅಂಕಿಯೇ ಅಂತಿಮ.

ಈ ಲೆಕ್ಕದಲ್ಲಿ ತಪ್ಪಾಗಿದೆಯೆಂದು ರೈತನಿಗೆ ಅನ್ನಿಸಿದರೆ ದಾರಿ ಯಾವುದು? ಯೋಜನೆಯ ಮಾರ್ಗಸೂಚಿಯಂತೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಕುಂದುಕೊರತೆ ಸಮಿತಿ, ಅದರ ಮೇಲೆ ರಾಜ್ಯ ಮಟ್ಟದ ಸಮಿತಿ. 2024ರಿಂದ 14447 ಸಹಾಯವಾಣಿಯೂ ಇದೆ. ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪವಾದಾಗ, ಇಲ್ಲವೇ ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಫಸಲು ಅಕಾಲಿಕ ಮಳೆಗೆ ಸಿಕ್ಕಾಗ 72 ಗಂಟೆಗಳೊಳಗೆ ತಿಳಿಸಬೇಕು. ಪರಿಹಾರ ತಡವಾದರೆ ಕಂಪನಿ ಶೇ 12ರ ಬಡ್ಡಿ ಕೊಡಬೇಕೆಂಬ ನಿಯಮವೂ ಇದೆ.

ಆದರೆ ಹೊಣೆ ಹಂಚಿಹೋಗಿರುವುದನ್ನು ಗಮನಿಸಬೇಕು. ಬೆಳೆ ವಿವರ ನೋಂದಾಯಿಸುವುದು ಬ್ಯಾಂಕು ಅಥವಾ ಸೇವಾ ಕೇಂದ್ರ, ಬೆಳೆ ಸಮೀಕ್ಷೆ ಹಾಗೂ ಕಟಾವು ಪ್ರಯೋಗ ಸರ್ಕಾರಿ ಇಲಾಖೆಗಳದು, ಪರಿಹಾರ ಕಂಪನಿಯದು, ಸಹಾಯಧನ ಎರಡು ಸರ್ಕಾರಗಳದು. ವಿಮೆಗೆ ನೋಂದಾಯಿಸಿದ ಬೆಳೆಗೂ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ತಾಳೆಯಾಗದಿದ್ದರೆ ಕ್ಲೇಮು ನಿಂತುಹೋಗುತ್ತದೆ. ಆಗ ರೈತ ಬ್ಯಾಂಕಿನಿಂದ ಕೃಷಿ ಇಲಾಖೆಗೆ, ಅಲ್ಲಿಂದ ತಾಲ್ಲೂಕು ಕಚೇರಿಗೆ ಅಲೆಯಬೇಕಾಗುತ್ತದೆ. ಕಂಪನಿಯ ಆರ್ಥಿಕ ಸಾಮರ್ಥ್ಯ ನೋಡುವ ಹೈದರಾಬಾದಿನ ಪ್ರಾಧಿಕಾರದ ಕಣ್ಣಿಗೆ ಈ ಅಲೆದಾಟ ಬೀಳುವುದೇ ಇಲ್ಲ.

ಹೆಸರಿನಿಂದಲೂ ಗೊಂದಲ ಉಂಟು. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆಯುತ್ತಿರುವ ಯಶಸ್ವಿನಿ ಯೋಜನೆಯನ್ನು ಸಹಕಾರಿಗಳು ‘ವಿಮೆ’ ಎಂದೇ ಕರೆಯುತ್ತಾರೆ. ವಾಸ್ತವದಲ್ಲಿ ಅದನ್ನು ನಡೆಸುವುದು ಟ್ರಸ್ಟ್, ವಿಮಾ ಕಂಪನಿಯಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕವೂ ಟ್ರಸ್ಟ್ ಮೂಲಕವೇ ನಡೆಯುತ್ತದೆ. ಇವುಗಳ ಬಗೆಗಿನ ದೂರು ಆಯಾ ಟ್ರಸ್ಟಿಗೆ ಹೋಗಬೇಕೇ ಹೊರತು ಪ್ರಾಧಿಕಾರಕ್ಕಲ್ಲ.

ನಿಯಮ ಬಂದಿದೆ, ಬಳಸುವವರು ಬೇಕು

2024ರ ಬದಲಾವಣೆಗಳು ಸಣ್ಣವಲ್ಲ. ಆರೋಗ್ಯ ವಿಮೆಯಲ್ಲಿ ಹಳೆಯ ಕಾಯಿಲೆಗಳ ಕಾಯುವ ಅವಧಿ 48ರಿಂದ 36 ತಿಂಗಳಿಗೆ ಇಳಿಯಿತು. ಸತತ 60 ತಿಂಗಳು ಕಂತು ಕಟ್ಟಿದ ಮೇಲೆ ವಂಚನೆ ಸಾಬೀತಾದ ಹೊರತು ‘ಮಾಹಿತಿ ಮುಚ್ಚಿಟ್ಟಿರಿ’ ಎಂದು ಕಂಪನಿ ತಕರಾರು ತೆಗೆಯುವಂತಿಲ್ಲ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು. ಕ್ಲೇಮು ತಿರಸ್ಕರಿಸುವ ಮುನ್ನ ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ಪಾಲಿಸಿ ಬೇಡವೆನಿಸಿದರೆ ಹಿಂದಿರುಗಿಸಲು 30 ದಿನಗಳ ಅವಕಾಶವಿದೆ. ಜೀವ ವಿಮೆಯಲ್ಲಿ 2015ರ ತಿದ್ದುಪಡಿಯಂತೆ ಮೂರು ವರ್ಷ ದಾಟಿದ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸಲಾಗದು.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ನಿಯಮವೊಂದಿದೆ. ಆರೋಗ್ಯ ಪಾಲಿಸಿಯ ಮುಖ್ಯಾಂಶಗಳನ್ನು ಸರಳವಾಗಿ ತಿಳಿಸುವ ಗ್ರಾಹಕ ಮಾಹಿತಿ ಪತ್ರವನ್ನು 2024ರ ಜನವರಿ 1ರಿಂದ, ಪಾಲಿಸಿದಾರ ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು. ಅಂದರೆ ಕನ್ನಡದಲ್ಲಿ ಕೇಳುವ ಹಕ್ಕು ನಮಗಿದೆ. ಎಷ್ಟು ಮಂದಿ ಕೇಳಿದ್ದೇವೆ? ಇಂಗ್ಲಿಷಿನ ಹತ್ತಾರು ಪುಟಗಳಿಗೆ, ಗುರುತು ಹಾಕಿದ ಜಾಗದಲ್ಲಿ ಸಹಿ ಮಾಡುವ ರೂಢಿ ಇರುವವರೆಗೆ, ಠೇವಣಿ ಇಡಲು ಬ್ಯಾಂಕಿಗೆ ಹೋದ ನಿವೃತ್ತ ನೌಕರ ಪಾಲಿಸಿ ಹಿಡಿದು ಮನೆಗೆ ಬರುವುದು ತಪ್ಪುವುದಿಲ್ಲ.

2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ವಿಮಾ ತಿದ್ದುಪಡಿ ಕಾನೂನು ವಿದೇಶಿ ಹೂಡಿಕೆಯ ಮಿತಿಯನ್ನು ಶೇ 74ರಿಂದ ಶೇ 100ಕ್ಕೆ ಏರಿಸಿತು. ಜೊತೆಗೆ, ಅಕ್ರಮವಾಗಿ ಗಳಿಸಿದ ಲಾಭವನ್ನು ಕಂಪನಿ ಹಾಗೂ ಮಧ್ಯವರ್ತಿಗಳಿಂದ ವಸೂಲು ಮಾಡುವ ಅಧಿಕಾರವನ್ನು ಪ್ರಾಧಿಕಾರಕ್ಕೆ ಕೊಟ್ಟಿದೆ. ಪಾಲಿಸಿದಾರರ ಶಿಕ್ಷಣ ಮತ್ತು ರಕ್ಷಣೆಗೆ ನಿಧಿಯೊಂದನ್ನು ಕಲ್ಪಿಸಿದೆ. ಹೆಚ್ಚು ಕಂಪನಿ, ಹೆಚ್ಚು ಬಂಡವಾಳ ಬಂದಂತೆ ಕಾವಲುಗಾರನೂ ಬಲಗೊಳ್ಳಬೇಕಲ್ಲವೇ? 2025ರ ಮಾರ್ಚಿನಲ್ಲಿ ದೇಬಾಶೀಶ್ ಪಾಂಡಾ ಅವರ ಅವಧಿ ಮುಗಿದ ಮೇಲೆ, ಅಜಯ್ ಸೇಠ್ ಬರುವವರೆಗೆ ಪ್ರಾಧಿಕಾರದ ಅಧ್ಯಕ್ಷ ಸ್ಥಾನ ತಿಂಗಳುಗಟ್ಟಲೆ ಖಾಲಿ ಇತ್ತು ಎಂಬುದು ಇಲ್ಲಿ ನೆನಪಾಗದಿರದು.

ರಾಜ್ಯಕ್ಕೆ ಪ್ರತ್ಯೇಕ ನಿಯಂತ್ರಕ ಬರಲು ಸಂವಿಧಾನವೇ ಬದಲಾಗಬೇಕು. ಅದು ಸದ್ಯಕ್ಕೆ ದೂರದ ಮಾತು. ಆದರೆ ಅಷ್ಟು ದೂರ ಹೋಗದೆಯೂ ಆಗಬಹುದಾದ ಕೆಲಸಗಳಿವೆ. ಒಂಬುಡ್ಸ್‌ಮನ್ ವರ್ಷಕ್ಕೆ ಕೆಲವು ಬಾರಿಯಾದರೂ ತುಮಕೂರಿನಂಥ ಜಿಲ್ಲಾ ಕೇಂದ್ರಗಳಲ್ಲಿ ಕುಳಿತು ಅಹವಾಲು ಕೇಳಬಹುದು. ಯಾವ ಕಂಪನಿ ಯಾವ ಜಿಲ್ಲೆಯಲ್ಲಿ ಎಷ್ಟು ಕ್ಲೇಮು ತಿರಸ್ಕರಿಸಿತು, ಯಾವ ಕಾರಣಕ್ಕೆ ಎಂಬ ಅಂಕಿಅಂಶವನ್ನು ಪ್ರಾಧಿಕಾರ ಪ್ರಕಟಿಸುವಂತೆ ಮಾಡಬಹುದು. ಬೆಳೆ ವಿಮೆಯ ಕುಂದುಕೊರತೆ ಸಮಿತಿಯ ಸಭೆಯ ದಿನಾಂಕ ಮತ್ತು ತೀರ್ಮಾನಗಳನ್ನು ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಕನ್ನಡದಲ್ಲಿ ಅಂಟಿಸುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ, ಜಿಲ್ಲಾಡಳಿತದ ಒಂದು ಆದೇಶ ಸಾಕು.

ಅಲ್ಲಿಯವರೆಗೆ ಪಾಲಿಸಿದಾರ ತನ್ನ ರಕ್ಷಣೆಗೆ ತಾನೇ ಮೊದಲು ನಿಲ್ಲಬೇಕು. ತಿರಸ್ಕಾರದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು, ದಿನಾಂಕಗಳನ್ನು ಗುರುತು ಹಾಕಿಕೊಳ್ಳಬೇಕು, ಒಂದು ವರ್ಷ ಹಾಗೂ ಎರಡು ವರ್ಷದ ಗಡುವುಗಳನ್ನು ಮರೆಯಬಾರದು. ಕಷ್ಟಕಾಲಕ್ಕೆಂದು ಕಟ್ಟಿದ ಹಣ ಕಷ್ಟಕಾಲದಲ್ಲೇ ಕೈಕೊಟ್ಟರೆ, ನಷ್ಟವಾಗುವುದು ಆ ಕುಟುಂಬಕ್ಕೆ ಮಾತ್ರವಲ್ಲ. ಪಕ್ಕದ ಮನೆಯವನೂ ವಿಮೆ ಮಾಡಿಸಲು ಹಿಂಜರಿಯುತ್ತಾನೆ. 2047ರ ಹೊತ್ತಿಗೆ ಎಲ್ಲರಿಗೂ ವಿಮೆ ಎಂಬ ಪ್ರಾಧಿಕಾರದ ಗುರಿ ಈಡೇರಬೇಕಾದರೆ, ಆ ಹಿಂಜರಿಕೆ ಹುಟ್ಟುವ ಜಾಗಕ್ಕೆ, ತಾಲ್ಲೂಕಿಗೆ, ಅದರ ಕಾವಲು ಇಳಿದು ಬರಲೇಬೇಕು.